ಶಾಸಕರ ವೆಬ್‌ಸೈಟ್ ಸರ್ಕಾರಿ ಆರ್ಕೈವ್‌ನಲ್ಲಿ ಉಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವೆಬ್ ಪುಟಗಳನ್ನು ಉಳಿಸುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾದವು, ದಿನಾ ನಾನು ನೋಡುವುದು ಅವನ್ನೇ. ಕರ್ನಾಟಕದ ಬಗ್ಗೆ ಕೇಳುವವರಿಗೂ ಕೊನೆಯ ಕಡೆ ಉತ್ತರ ಇದೆ.

ಶಾಸಕರ ಅಧಿಕೃತ ವೆಬ್‌ಸೈಟ್ ಅಂದರೆ ಯಾವುದು? ಚುನಾವಣೆ ಹೊತ್ತಲ್ಲಿ ನೋಡುತ್ತೇವಲ್ಲ, ಅದೇನಾ?

ಅದು ಪ್ರಚಾರದ ವೆಬ್‌ಸೈಟ್. ಅಭ್ಯರ್ಥಿಯ ಪ್ರಚಾರದ ದುಡ್ಡಿನಲ್ಲಿ ನಡೆಯುತ್ತದೆ, ದೇಣಿಗೆ ಕೇಳುತ್ತದೆ. ಅಧಿಕೃತ ವೆಬ್‌ಸೈಟ್ ಗೆದ್ದ ಮೇಲೆ ಸಿಗುವಂಥದ್ದು. ಕ್ಷೇತ್ರದ ಕಚೇರಿಯ ವಿಳಾಸ, ಮಂಡಿಸಿದ ಮಸೂದೆಗಳು, ಪತ್ರಿಕಾ ಹೇಳಿಕೆಗಳು, ನ್ಯೂಸ್‌ಲೆಟರ್, ಜನರ ಜೊತೆಗಿನ ಸಭೆಗಳ ಪ್ರಕಟಣೆ ಎಲ್ಲ ಅಲ್ಲಿರುತ್ತವೆ. ಸಾರ್ವಜನಿಕರ ದುಡ್ಡಿನಲ್ಲಿ ಚುನಾವಣಾ ಪ್ರಚಾರ ಮಾಡಬಾರದು ಅಂತ ಅಲ್ಲಿ ಕಾನೂನೇ ಇದೆ, ಹಾಗಾಗಿ ಎರಡನ್ನೂ ಬೇರೆ ಬೇರೆ ಇಡುತ್ತಾರೆ. ಈ ಪುಟದಲ್ಲಿ ನಾವು ಮಾತಾಡುವುದು ಅಧಿಕೃತ ವೆಬ್‌ಸೈಟ್ ಬಗ್ಗೆ ಮಾತ್ರ.

ವೆಬ್‌ಸೈಟ್ ಹೇಗಿದ್ದರೂ ಅಲ್ಲೇ ಇರುತ್ತದಲ್ಲ? ಬೇರೆ ಉಳಿಸುವುದು ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರಕ್ಕೆ ಒಂದು ವಿಳಾಸ ಸಾಕು.

ಕ್ಯಾಲಿಫೋರ್ನಿಯಾ ಶಾಸನಸಭೆಗೆ ಎರಡು ಸದನ: ಕೆಳಮನೆ ಅಸೆಂಬ್ಲಿಯಲ್ಲಿ 80 ಸದಸ್ಯರು, ಮೇಲ್ಮನೆ ಸೆನೆಟ್‌ನಲ್ಲಿ 40. ಅಸೆಂಬ್ಲಿಯ ಡೆಮಾಕ್ರಾಟಿಕ್ ಸದಸ್ಯರ ವೆಬ್‌ಸೈಟ್ ವಿಳಾಸ ಕ್ಷೇತ್ರದ ಸಂಖ್ಯೆಯಿಂದ ಶುರುವಾಗುತ್ತದೆ. 27ನೇ ಕ್ಷೇತ್ರಕ್ಕೆ 'ಎ27'. 2018ರಲ್ಲಿ ಆ ವಿಳಾಸಕ್ಕೆ ಹೋದರೆ ಕಾಣುತ್ತಿದ್ದವರು ಸ್ಯಾನ್ ಹೋಸೆಯ ಆಷ್ ಕಾಲ್ರಾ. 2016ರಲ್ಲಿ ಗೆದ್ದು, ಕ್ಯಾಲಿಫೋರ್ನಿಯಾ ಶಾಸನಸಭೆಗೆ ಹೋದ ಮೊದಲ ಭಾರತೀಯ ಮೂಲದವರು ಅವರು. ಸ್ಯಾನ್ ಹೋಸೆಯಲ್ಲಿ ಕನ್ನಡಿಗರು ಎಷ್ಟು ಜನ ಇದ್ದಾರೆ ಅಂತ ಅಲ್ಲಿರುವವರಿಗೆ ಹೇಳಬೇಕಿಲ್ಲ. ಆಮೇಲೆ ಕ್ಷೇತ್ರಗಳ ಗಡಿ ಹೊಸದಾಗಿ ಎಳೆದರು. ಹತ್ತು ವರ್ಷಕ್ಕೊಮ್ಮೆ ಎಳೆಯುತ್ತಾರೆ, ಈ ಸಲದ್ದು 2021ರಲ್ಲಿ ಆಯಿತು. 2022ರ ಚುನಾವಣೆಯ ನಂತರ ಕಾಲ್ರಾ ಅವರದ್ದು 25ನೇ ಕ್ಷೇತ್ರ. 27ನೇ ಸಂಖ್ಯೆ ಫ್ರೆಸ್ನೋ, ಮಡೇರಾ, ಮರ್ಸೆಡ್ ಕಡೆಗೆ ಹೋಯಿತು. ಅಲ್ಲಿಂದ ಗೆದ್ದವರು ಎಸ್ಮೆರಾಲ್ಡಾ ಸೋರಿಯಾ.

ಅಂದರೆ ವಿಳಾಸ ಒಂದೇ, ಮನುಷ್ಯರು ಬೇರೆ, ಊರೂ ಬೇರೆ. 2018ರ ಯಾವುದೋ ವರದಿಯಲ್ಲಿ 'ಎ27' ಲಿಂಕ್ ಕೊಟ್ಟಿದ್ದರೆ ಇವತ್ತು ಅದು ನಿಮ್ಮನ್ನು ನೂರಾರು ಕಿಲೋಮೀಟರ್ ಆಚೆಯ ತೋಟಗಳ ಸೀಮೆಗೆ ಕರೆದುಕೊಂಡು ಹೋಗುತ್ತದೆ. ಯಾರೂ ಬೇಕಂತ ಅಳಿಸಿದ್ದಲ್ಲ. ಬಾಡಿಗೆ ಮನೆಗೆ ಹೊಸಬರು ಬಂದ ಹಾಗೆ, ಅಷ್ಟೇ. ಹಳಬರ ಸಾಮಾನು ಎಲ್ಲಿ ಹೋಯಿತು ಅಂತ ಕೇಳುವವರು ಯಾರೂ ಇರಲಿಲ್ಲ ಅಂದರೆ ಅದು ಹೋದ ಹಾಗೇ.

ಮಸೂದೆ, ಮತದಾನದ ಲೆಕ್ಕ ಎಲ್ಲ ಶಾಸನಸಭೆಯ ಸೈಟ್‌ನಲ್ಲೇ ಇದೆಯಲ್ಲ?

ಇದೆ, ಚೆನ್ನಾಗಿಯೂ ಇದೆ. ಆದರೆ ಅಲ್ಲಿ ಸಿಗುವುದು ಏನಾಯಿತು ಅನ್ನುವುದು. ಶಾಸಕರು ತಮ್ಮ ಜನಕ್ಕೆ ಅದನ್ನು ಹೇಗೆ ಹೇಳಿದರು ಅನ್ನುವುದು ಅವರ ಸ್ವಂತ ಪುಟದಲ್ಲಿರುತ್ತದೆ.

2023ರಲ್ಲಿ ಸೆನೆಟರ್ ಆಯಿಶಾ ವಹಾಬ್ ಜಾತಿ ತಾರತಮ್ಯದ ವಿರುದ್ಧ ಎಸ್‌ಬಿ 403 ಮಸೂದೆ ತಂದರು. ಎರಡೂ ಸದನಗಳಲ್ಲಿ ಪಾಸಾಯಿತು. ಅಕ್ಟೋಬರ್ 7ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ವೀಟೋ ಮಾಡಿದರು. ಈಗಿರುವ ಕಾನೂನಿನಲ್ಲೇ ಇದಕ್ಕೆ ರಕ್ಷಣೆ ಇದೆ, ಹೊಸದು ಬೇಕಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಮ್ಮವರ ಮನೆಗಳಲ್ಲಿ ಆ ವರ್ಷ ಇದರ ಬಗ್ಗೆ ಎಷ್ಟು ಮಾತು ನಡೆಯಿತು ಅಲ್ವಾ? ಪರ ಇದ್ದವರೂ ಇದ್ದರು, ವಿರೋಧ ಇದ್ದವರೂ ಇದ್ದರು. ಇನ್ನು ಐವತ್ತು ವರ್ಷ ಬಿಟ್ಟು ಇದರ ಇತಿಹಾಸ ಬರೆಯುವವರಿಗೆ ಮಸೂದೆಯ ಪಠ್ಯವೊಂದೇ ಸಾಲದು. ಮಂಡಿಸಿದವರು ಮೊದಲ ದಿನ ಏನೆಂದರು, ಬೇರೆ ಸದಸ್ಯರು ತಮ್ಮ ಮತದಾರರಿಗೆ ಏನು ವಿವರಣೆ ಕೊಟ್ಟರು, ಯಾರು ಸುಮ್ಮನಿದ್ದರು, ಇದೆಲ್ಲ ಬೇಕು. ಸುಮ್ಮನಿದ್ದದ್ದು ಕೂಡ ಪೂರ್ತಿ ಸೈಟ್ ಉಳಿಸಿದರೆ ಮಾತ್ರ ಗೊತ್ತಾಗುತ್ತದೆ.

ಉಳಿಸುವ ಹೊಣೆ ಯಾರದ್ದು?

ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಆರ್ಕೈವ್ಸ್ ಇದೆ, ಅಂದರೆ ರಾಜ್ಯದ ದಾಖಲೆಗಳನ್ನು ಕಾಪಾಡುವ ಸರ್ಕಾರಿ ಕಚೇರಿ. ರಾಜಧಾನಿ ಸ್ಯಾಕ್ರಮೆಂಟೋದಲ್ಲಿ, ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ (ಚುನಾವಣೆ, ದಾಖಲೆ ನೋಡಿಕೊಳ್ಳುವ ಅಧಿಕಾರಿ) ಕಚೇರಿಯ ಅಡಿಯಲ್ಲಿ. 1850ರ ಜನವರಿಯಲ್ಲಿ ಆ ರಾಜ್ಯದ ಮೊದಲ ಗವರ್ನರ್ ಪೀಟರ್ ಬರ್ನೆಟ್ ಸಹಿ ಹಾಕಿದ ಮೊಟ್ಟಮೊದಲ ಕಾನೂನೇ ಸಾರ್ವಜನಿಕ ದಾಖಲೆಗಳನ್ನು ಕಾಪಾಡುವುದರ ಬಗ್ಗೆ. ಚಿನ್ನದ ಹುಚ್ಚು ಹಿಡಿದಿದ್ದ ಕಾಲ ಅದು. ರಸ್ತೆಗಿಂತ ಮೊದಲು ಕಾಗದ ಪತ್ರ ಜೋಪಾನ ಮಾಡಿದರಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ.

ವೆಬ್ ವಿಷಯದಲ್ಲಿ ಸ್ಟೇಟ್ ಆರ್ಕೈವ್ಸ್, ಸ್ಟೇಟ್ ಲೈಬ್ರರಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಗಳು, ಸ್ಟ್ಯಾನ್‌ಫರ್ಡ್ ಸೇರಿ ರಾಜ್ಯ ಸರ್ಕಾರದ ಸೈಟ್‌ಗಳನ್ನು ಉಳಿಸುತ್ತಾ ಬಂದಿವೆ. ಇದಕ್ಕೆ ಬಳಸುವ ಸೇವೆ ಆರ್ಕೈವ್-ಇಟ್. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಅದನ್ನು 2006ರಲ್ಲಿ ಶುರು ಮಾಡಿತು. ಬೇರೆ ಬೇರೆ ರಾಜ್ಯಗಳ ಆರ್ಕೈವ್‌ಗಳೂ ಇದನ್ನೇ ಬಳಸುತ್ತವೆ.

ವಾಷಿಂಗ್ಟನ್‌ನ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಸದಸ್ಯರ ಸೈಟ್‌ಗಳ ಕಥೆ ಬೇರೆ. ಅವನ್ನು ಅಮೆರಿಕದ ರಾಷ್ಟ್ರೀಯ ಆರ್ಕೈವ್ಸ್ 2006ರಿಂದ ಪ್ರತಿ ಕಾಂಗ್ರೆಸ್ ಅವಧಿಯ ಕೊನೆಗೆ ತೆಗೆದಿಡುತ್ತದೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರನ್ನೇ ನೋಡಿ. 2021-22ರಲ್ಲಿ ಅವರು ಮಿಷಿಗನ್ ರಾಜ್ಯದ ಕೆಳಮನೆಯಾದ ಹೌಸ್‌ನಲ್ಲಿದ್ದರು, 2023ರಿಂದ ಕಾಂಗ್ರೆಸ್‌ನಲ್ಲಿದ್ದಾರೆ. ಮನುಷ್ಯ ಒಬ್ಬರೇ. ಆದರೆ ಕಾಂಗ್ರೆಸ್ ಪುಟಗಳು ರಾಷ್ಟ್ರೀಯ ಆರ್ಕೈವ್ಸ್ ಪಾಲಿಗೆ, ಅದಕ್ಕೂ ಹಿಂದಿನವು ಮಿಷಿಗನ್ ಪಾಲಿಗೆ.

ವೇಬ್ಯಾಕ್ ಮೆಷಿನ್‌ನಲ್ಲಿ ಎಲ್ಲ ಇರುತ್ತದಲ್ಲ? ಸರ್ಕಾರ ಬೇರೆ ಯಾಕೆ ಮಾಡಬೇಕು?

ಹಳೆಯ ವೆಬ್ ಪುಟಗಳ ಪ್ರತಿಗಳನ್ನು ತೋರಿಸುವ, ಇಂಟರ್ನೆಟ್ ಆರ್ಕೈವ್ ನಡೆಸುವ ವೇಬ್ಯಾಕ್ ಮೆಷಿನ್ ದೊಡ್ಡ ಉಪಕಾರ. 1996ರಿಂದ ಸಂಗ್ರಹ ನಡೆಯುತ್ತಿದೆ, 2001ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆದರೆ ಅದು ಒಂದು ಖಾಸಗಿ, ಲಾಭಕ್ಕಲ್ಲದ ಸಂಸ್ಥೆಯ ಕೆಲಸ. ಪ್ರತಿ ಶಾಸಕರ ಪ್ರತಿ ಪುಟವನ್ನೂ ಅದು ಕೂತು ಪರೀಕ್ಷೆ ಮಾಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದರ ಮೇಲೆ ಸೈಬರ್ ದಾಳಿ ಆಗಿ ಕೆಲವು ದಿನ ಪೂರ್ತಿ ಮುಚ್ಚಿತ್ತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜನರ ದುಡ್ಡಿನಲ್ಲಿ ತಯಾರಾದ ದಾಖಲೆಯ ಒಂದು ಪ್ರತಿ ಜನರದೇ ಕಚೇರಿಯಲ್ಲಿ ಇರಬೇಕು ಅನ್ನುವುದು ನನ್ನ ನಂಬಿಕೆ.

ಯಾವಾಗ ಉಳಿಸಬೇಕು?

ಅಧಿಕಾರ ಮುಗಿಯುವ ಮೊದಲು. ಇಡೀ ಪುಟದಲ್ಲಿ ಒಂದೇ ಸಾಲು ಓದುತ್ತೀರಿ ಅಂದರೆ ಇದನ್ನೇ ಓದಿ.

ಕ್ಯಾಲಿಫೋರ್ನಿಯಾದಲ್ಲಿ ಹೊಸ ಸದಸ್ಯರು ಪ್ರಮಾಣವಚನ ತೆಗೆದುಕೊಳ್ಳುವುದು ಚುನಾವಣೆ ನಡೆದ ವರ್ಷದ ಡಿಸೆಂಬರ್ ಮೊದಲ ಸೋಮವಾರ. 2022ರಲ್ಲಿ ಅದು ಡಿಸೆಂಬರ್ 5, 2024ರಲ್ಲಿ ಡಿಸೆಂಬರ್ 2. ಅಲ್ಲಿಗೆ ಹಳೆಯ ಸೈಟ್ ಕಥೆ ಮುಗಿಯಿತು. ಚುನಾವಣೆ ನವೆಂಬರ್ ಮೊದಲ ವಾರದಲ್ಲಿ. ನಡುವೆ ಸಿಗುವುದು ನಾಲ್ಕು ವಾರ. ಅದರಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ ಬೇರೆ. 2012ರಲ್ಲಿ ಮತದಾರರೇ ಒಪ್ಪಿದ ಪ್ರೊಪೊಸಿಷನ್ 28 ಎಂಬ ನಿಯಮದ ಪ್ರಕಾರ ಒಬ್ಬರು ಎರಡೂ ಸದನ ಸೇರಿ ಒಟ್ಟು 12 ವರ್ಷ ಮಾತ್ರ ಇರಬಹುದು. ಹಾಗಾಗಿ ಯಾರು ಯಾವ ವರ್ಷ ಹೋಗಲೇಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ಸೋತು ಹೋಗುವವರ ವಿಷಯದಲ್ಲಿ ಈ ಅನುಕೂಲ ಇಲ್ಲ.

ನಾನೇ ಒಮ್ಮೆ ಮಾಡಿದ ತಪ್ಪು ಹೇಳುತ್ತೇನೆ. ನಿವೃತ್ತರಾಗುತ್ತಿದ್ದ ಒಬ್ಬ ಸದಸ್ಯರ ಸೈಟ್ ಉಳಿಸುವ ಕೆಲಸ ನನ್ನ ಪಟ್ಟಿಯಲ್ಲಿತ್ತು. ರಜೆ ಮುಗಿಸಿ ಬಂದು ಮಾಡೋಣ ಅಂದುಕೊಂಡೆ. ಡಿಸೆಂಬರ್‌ನಲ್ಲಿ ಬಂದು ತೆರೆದರೆ ಹೊಸಬರ ನಗುಮುಖ, ಕೆಳಗೆ 'ಶೀಘ್ರದಲ್ಲೇ ಬರಲಿದೆ' ಎನ್ನುವ ಒಂದು ಸಾಲು. ಹಳೆಯ ಸೈಟ್‌ನಲ್ಲಿ ಕಾಡ್ಗಿಚ್ಚಿನ ವಾರದ ಒಂದು ಪುಟ ಇತ್ತು. ಯಾವ ಶಾಲೆಯಲ್ಲಿ ಆಶ್ರಯ, ಕುದುರೆಗಳನ್ನು ಎಲ್ಲಿ ಕಟ್ಟಬಹುದು, ಯಾವ ರಸ್ತೆ ಮುಚ್ಚಿದೆ ಅಂತ ದಿನಕ್ಕೆ ಮೂರು ಸಲ ತಿದ್ದಿ ಬರೆದಿದ್ದರು. ಆ ಪುಟ ಮತ್ತೆ ಎಲ್ಲೂ ಸಿಗಲಿಲ್ಲ. ಅವತ್ತಿನಿಂದ ನವೆಂಬರ್ ಮೊದಲ ವಾರವೇ ಒಂದು ಪ್ರತಿ, ತಿಂಗಳ ಕೊನೆಗೆ ಇನ್ನೊಂದು ಪ್ರತಿ ತೆಗೆಯುತ್ತೇನೆ. ವರ್ಷದ ನಡುವೆ ಒಂದೆರಡು ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

ಉಳಿಸುವುದು ಅಂದರೆ ಸ್ಕ್ರೀನ್‌ಶಾಟ್ ತೆಗೆಯುವುದಾ?

ಸ್ಕ್ರೀನ್‌ಶಾಟ್‌ನಲ್ಲಿ ಲಿಂಕ್ ಒತ್ತಲಾಗುವುದಿಲ್ಲ, ಪಠ್ಯ ಹುಡುಕಲಾಗುವುದಿಲ್ಲ. ಆರ್ಕೈವ್ ಮಾಡುವವರು ಕ್ರಾಲರ್ ಎನ್ನುವ ಪ್ರೋಗ್ರಾಂ ಬಳಸುತ್ತಾರೆ. ಮುಖಪುಟದಿಂದ ಶುರು ಮಾಡಿ, ಸಿಕ್ಕ ಲಿಂಕ್ ಹಿಡಿದು ಮುಂದಿನ ಪುಟ, ಅಲ್ಲಿಂದ ಇನ್ನೊಂದು, ಹೀಗೆ ಸೈಟ್ ಪೂರ್ತಿ ಸುತ್ತಿ ಬರುತ್ತದೆ. ಪುಟ, ಚಿತ್ರ, ಪಿಡಿಎಫ್, ಫಾಂಟ್, ಜೊತೆಗೆ ಸರ್ವರ್ ಯಾವ ಕ್ಷಣದಲ್ಲಿ ಏನು ಉತ್ತರ ಕೊಟ್ಟಿತು ಅನ್ನುವುದು, ಎಲ್ಲವನ್ನೂ ವಾರ್ಕ್ ಎಂಬ ಕಡತದಲ್ಲಿ ತುಂಬುತ್ತದೆ. ವಾರ್ಕ್ 2009ರಿಂದ ಅಂತರರಾಷ್ಟ್ರೀಯ ಮಾನಕ, ಐಎಸ್‌ಒ 28500. ಒಂದು ಕಂಪನಿ ಮುಚ್ಚಿದರೂ ಇನ್ನೊಂದು ಸಾಫ್ಟ್‌ವೇರ್ ಆ ಕಡತವನ್ನು ತೆರೆಯಬಹುದು.

ಕ್ರಾಲರ್‌ಗೆ ತಲೆ ಇಲ್ಲ, ಅದನ್ನು ಕಾಯಬೇಕು. ಶಾಸಕರ ಕಾರ್ಯಕ್ರಮಗಳ ಕ್ಯಾಲೆಂಡರ್‌ನಲ್ಲಿ 'ಮುಂದಿನ ತಿಂಗಳು' ಎನ್ನುವ ಬಟನ್ ಇರುತ್ತದಲ್ಲ? ಕ್ರಾಲರ್ ಅದನ್ನು ಒತ್ತುತ್ತಲೇ ಹೋಗುತ್ತದೆ. 2030, 2060, 2090, ಒಂದೂ ಕಾರ್ಯಕ್ರಮ ಇಲ್ಲದ ಖಾಲಿ ತಿಂಗಳುಗಳು. ಅಷ್ಟರಲ್ಲಿ ಕೊಟ್ಟ ಸಮಯ ಮುಗಿದು ನಿಜವಾದ ಪತ್ರಿಕಾ ಹೇಳಿಕೆಗಳು ಹೊರಗೇ ಉಳಿಯುತ್ತವೆ. ಅದಕ್ಕೇ ಮೊದಲು ಒಂದು ಪರೀಕ್ಷಾ ಓಟ ಓಡಿಸಿ, ವರದಿ ಓದಿ, ಕ್ಯಾಲೆಂಡರ್‌ಗೆ ತಡೆ ಹಾಕಿ, ಆಮೇಲೆ ಅಸಲಿ ಓಟ.

ಇನ್ನೊಂದು ತೊಂದರೆ ಡೊಮೇನ್‌ನದು. ನಾನು ಮೇಲೆ ಹೇಳಿದ 'ಎ27' ವಿಳಾಸ ಕೊನೆಯಾಗುವುದು ಡಾಟ್ ಆರ್ಗ್‌ನಲ್ಲಿ, ಡಾಟ್ ಗವ್‌ನಲ್ಲಿ ಅಲ್ಲ. ಸರ್ಕಾರಿ ಡೊಮೇನ್ ಮಾತ್ರ ಹಿಡಿ ಎಂದು ಕ್ರಾಲರ್‌ಗೆ ಹೇಳಿದರೆ ಇಂಥ ಸೈಟ್ ತಪ್ಪಿಹೋಗುತ್ತದೆ. ಕೈಯಾರೆ ಪಟ್ಟಿಗೆ ಸೇರಿಸಬೇಕು.

ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಇದ್ದರೆ?

ಅದು 'ಈ ಕೋಣೆಗೆ ಬರಬೇಡ' ಅಂತ ಕ್ರಾಲರ್‌ಗೆ ಸೈಟ್ ಹಾಕುವ ಚೀಟಿ. ಎಷ್ಟೋ ಸಲ ಅದು ಚಿತ್ರ ಮತ್ತು ಸ್ಟೈಲ್ ಕಡತಗಳ ಫೋಲ್ಡರನ್ನೇ ಮುಚ್ಚಿರುತ್ತದೆ. ಆಗ ಉಳಿದ ಪುಟ ಬಟ್ಟೆ ಕಳಚಿಟ್ಟ ಹಾಗೆ ಕಾಣುತ್ತದೆ. ಅಮೆರಿಕದ ಸರ್ಕಾರಿ ಮತ್ತು ಸೇನಾ ಸೈಟ್‌ಗಳ ಮಟ್ಟಿಗೆ ಈ ಚೀಟಿ ನೋಡುವುದನ್ನು ಬಿಟ್ಟಿದ್ದೇವೆ ಎಂದು ಇಂಟರ್ನೆಟ್ ಆರ್ಕೈವ್ 2017ರಲ್ಲಿ ಹೇಳಿತು. ಅದು ಸರಿಯಾದ ನಿರ್ಧಾರ.

ಯಾವುದು ಉಳಿಯುವುದಿಲ್ಲ?

ಹುಡುಕುವ ಪೆಟ್ಟಿಗೆ ಕೆಲಸ ಮಾಡುವುದಿಲ್ಲ. ಫಾರ್ಮ್ ತುಂಬಿದರೆ ಎಲ್ಲಿಗೂ ಹೋಗುವುದಿಲ್ಲ. 'ನಿಮ್ಮ ಶಾಸಕರು ಯಾರು' ಎಂದು ಹೇಳುವ ನಕ್ಷೆ ಸಾಮಾನ್ಯವಾಗಿ ಬೂದು ಚೌಕವಾಗಿ ಉಳಿಯುತ್ತದೆ. ಯೂಟ್ಯೂಬ್ ವಿಡಿಯೊ ಬೇರೆ ಕಡೆ ಇರುವುದರಿಂದ ಅದನ್ನು ಬೇರೆಯಾಗಿ ಹಿಡಿಯಬೇಕು. ಸದಸ್ಯರ ಕಚೇರಿ ಮೂಲ ವಿಡಿಯೊ ಕಡತವನ್ನೇ ಆರ್ಕೈವ್ಸ್‌ಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಫೇಸ್‌ಬುಕ್, ಎಕ್ಸ್ ಖಾತೆಗಳದೂ ಹಾಗೇ. ಕ್ರಾಲರ್ ಅಲ್ಲಿ ಒಳಗೆ ಹೋಗಲು ಒದ್ದಾಡುತ್ತದೆ. ಖಾತೆಯ ಮಾಲೀಕರೇ 'ಡೌನ್‌ಲೋಡ್' ಒತ್ತಿ ತಮ್ಮ ಡೇಟಾ ತೆಗೆದು ಕೊಡುವುದು ವಾಸಿ.

ನಾನು ಶಾಸಕರಿಗೆ ವೀಸಾ ವಿಷಯಕ್ಕೆ ಅರ್ಜಿ ಹಾಕಿದ್ದೆ. ಅದೂ ಎಲ್ಲರಿಗೂ ಕಾಣುತ್ತದಾ?

ಇಲ್ಲ, ಧೈರ್ಯವಾಗಿರಿ. ಕ್ರಾಲರ್ ನೋಡುವುದು ಸಾರ್ವಜನಿಕರಿಗೆ ಕಾಣುವ ಪುಟಗಳನ್ನು ಮಾತ್ರ. ನೀವು ಫಾರ್ಮ್‌ನಲ್ಲಿ ಬರೆದ ಹೆಸರು, ಫೋನ್ ನಂಬರ್, ಕಷ್ಟ ಸುಖ ಎಲ್ಲ ಕಚೇರಿಯ ಒಳಗಿನ ವ್ಯವಸ್ಥೆಯಲ್ಲಿರುತ್ತದೆ. ಅಲ್ಲಿಗೆ ಕ್ರಾಲರ್ ಹೋಗುವುದಿಲ್ಲ, ಹೋಗಲೂ ಬಾರದು.

ಆರ್ಕೈವ್ ಪುಟದ ದಿನಾಂಕ ಒಂದು ದಿನ ಮುಂದೆ ಇದೆ. ತಪ್ಪಲ್ವಾ?

ತಪ್ಪಲ್ಲ. ಉಳಿಸಿದ ಪುಟದ ವಿಳಾಸದ ನಡುವೆ 14 ಅಂಕೆಗಳ ಒಂದು ಸಾಲು ಇರುತ್ತದೆ. ಮೊದಲ ನಾಲ್ಕು ವರ್ಷ, ಆಮೇಲೆ ಎರಡೆರಡರಂತೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಈ ಸಮಯ ಗ್ರೀನಿಚ್ ಲೆಕ್ಕದ್ದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಅದಕ್ಕಿಂತ 8 ಗಂಟೆ ಹಿಂದೆ. ಹಾಗಾಗಿ 2022ರ ಡಿಸೆಂಬರ್ 4ರ ಭಾನುವಾರ ಸಂಜೆ 5 ಗಂಟೆಗೆ ಸ್ಯಾಕ್ರಮೆಂಟೋದಲ್ಲಿ ತೆಗೆದ ಪ್ರತಿಯ ಮೇಲೆ 20221205010000 ಎಂದು ಬರುತ್ತದೆ. ನೋಡಿದರೆ ಪ್ರಮಾಣವಚನದ ದಿನ ತೆಗೆದ ಹಾಗೆ ಕಾಣುತ್ತದೆ, ನಿಜಕ್ಕೂ ಹಿಂದಿನ ಸಂಜೆಯದು. ಯಾರ ಅವಧಿಯ ಪುಟ ಇದು ಎಂದು ವಾದ ಬಂದಾಗ ಈ 8 ಗಂಟೆ ಬಹಳ ಮುಖ್ಯವಾಗುತ್ತದೆ.

ಇಂಥ ಪ್ರತಿಯನ್ನು ಕೋರ್ಟ್ ಒಪ್ಪುತ್ತದಾ?

ಅಮೆರಿಕದ ಕೋರ್ಟ್‌ಗಳು ಒಪ್ಪಿದ ಉದಾಹರಣೆಗಳಿವೆ. ಆದರೆ ಸುಮ್ನೆ ಪ್ರಿಂಟ್ ಹಿಡಿದುಕೊಂಡು ಹೋದರೆ ಸಾಲದು. ಈ ಪ್ರತಿ ಹೇಗೆ, ಯಾವಾಗ ತೆಗೆದದ್ದು ಎಂದು ಇಟ್ಟುಕೊಂಡವರು ಪ್ರಮಾಣಪತ್ರ ಕೊಡಬೇಕು. ಇಂಟರ್ನೆಟ್ ಆರ್ಕೈವ್ ಅಂಥ ಅಫಿಡವಿಟ್ ಕೊಡುತ್ತದೆ.

ಶಾಸಕರು ಬಂದು 'ಆ ಹೇಳಿಕೆ ತೆಗೆಯಿರಿ' ಅಂದರೆ?

ಅವರು ತಮ್ಮ ಸೈಟ್‌ನಿಂದ ತೆಗೆಯಬಹುದು. ಅದು ಅವರ ಇಷ್ಟ. ಆದರೆ ಆರ್ಕೈವ್‌ನಲ್ಲಿರುವ ಹಿಂದಿನ ಪ್ರತಿಯನ್ನು ತಿದ್ದಿದರೆ ಅದು ಆರ್ಕೈವ್ ಅನ್ನಿಸಿಕೊಳ್ಳುವುದಿಲ್ಲ. ಮಾತು ಬದಲಾಯಿಸಿದ್ದರೆ ಹೊಸ ಮಾತನ್ನೂ ಉಳಿಸೋಣ. ಎರಡೂ ಪಕ್ಕಪಕ್ಕದಲ್ಲಿ ಇರಲಿ, ಓದುವವರು ನೋಡಿಕೊಳ್ಳುತ್ತಾರೆ. ಯಾರದೋ ಮನೆ ವಿಳಾಸ, ಮಕ್ಕಳ ಫೋಟೊ ತಪ್ಪಿ ಸೇರಿದ್ದರೆ ಮಾತ್ರ ಬೇರೆ ಮಾತು. ಅದನ್ನು ಸಾರ್ವಜನಿಕರಿಗೆ ಕಾಣದ ಹಾಗೆ ಮಾಡುವುದು ನ್ಯಾಯ.

ನಾನು ಶಾಸಕರ ಕಚೇರಿಯಲ್ಲೇ ಕೆಲಸ ಮಾಡುತ್ತೇನೆ. ಏನು ಮಾಡಲಿ?

ಹಾಗಾದರೆ ನೀವೇ ಈ ಕೆಲಸದ ಬೆನ್ನೆಲುಬು. ಸೆಪ್ಟೆಂಬರ್‌ನಲ್ಲೇ ಸ್ಟೇಟ್ ಆರ್ಕೈವ್ಸ್‌ಗೆ ಒಂದು ಮೇಲ್ ಹಾಕಿ, ಸೈಟ್‌ನ ಪೂರ್ತಿ ವಿಳಾಸ ಕೊಡಿ. ಹಿಂದೆ ಬೇರೆ ವಿಳಾಸ ಇತ್ತು ಅಂದರೆ ಅದನ್ನೂ ಕೊಡಿ. ಯಾವ ಲಿಂಕ್‌ನಿಂದಲೂ ತಲುಪಲಾಗದ ಪುಟಗಳಿರುತ್ತವೆ, ಮೇಲ್‌ನಲ್ಲಿ ಮಾತ್ರ ಕಳಿಸಿದ ನ್ಯೂಸ್‌ಲೆಟರ್‌ನಂಥವು. ಅವುಗಳ ಪಟ್ಟಿ ಮಾಡಿ. ಫೋಟೊಗಳ ಕೆಳಗೆ ಯಾರು, ಎಲ್ಲಿ, ಯಾವತ್ತು ಅಂತ ಬರೆದಿಡಿ. ನಗುವ ಹತ್ತು ಜನರ ಫೋಟೊಗೆ ಹೆಸರಿಲ್ಲದಿದ್ದರೆ ಇಪ್ಪತ್ತು ವರ್ಷ ಆದ ಮೇಲೆ ಅದು ಯಾರಿಗೂ ಏನೂ ಹೇಳುವುದಿಲ್ಲ. ಸೈಟ್ ಮುಚ್ಚುವ ಮೊದಲು ಆರ್ಕೈವ್ ಪ್ರತಿಯನ್ನು ನೀವೇ ತೆರೆದು ಐದಾರು ಪುಟ ಒತ್ತಿ ನೋಡಿ. ಏನು ಕಾಣೆಯಾಗಿದೆ ಎಂದು ನಿಮ್ಮಷ್ಟು ಬೇಗ ಇನ್ಯಾರೂ ಹೇಳಲಾರರು.

ಕನ್ನಡದ ಹಳೆಯ ಪುಟಗಳನ್ನು ಆರ್ಕೈವ್‌ನಲ್ಲಿ ತೆರೆದರೆ ಏನೇನೋ ಅಕ್ಷರ ಬರುತ್ತದೆ. ಯಾಕೆ?

ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮೊದಲು ಕನ್ನಡದ ಪುಟಗಳನ್ನು ನುಡಿ, ಬರಹದಂಥ ಸಾಫ್ಟ್‌ವೇರ್‌ಗಳ ಫಾಂಟ್‌ನಲ್ಲಿ ಮಾಡುತ್ತಿದ್ದರು. ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ನುಡಿಯಲ್ಲಿ ಬರೆದ 'ಕರ್ನಾಟಕ' ಎಂಬ ಪದ ಆಗ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಹಣದ ಗುರುತು, ಹೀಗೆ ಕಾಣುತ್ತದೆ. ಮಾಹಿತಿ ಹಾಳಾಗಿಲ್ಲ. ಪರಿವರ್ತಕದಲ್ಲಿ ಹಾಕಿದರೆ ಓದಬಹುದು. ಆದರೆ ಹುಡುಕುವವರಿಗೆ ಅದು ಸಿಗುವುದಿಲ್ಲ. ಅದಕ್ಕೇ ಕನ್ನಡ ಸೈಟ್ ಉಳಿಸುವಾಗ ಫಾಂಟ್ ಕಡತವನ್ನೂ ಜೊತೆಗೇ ಉಳಿಸಿ ಎಂದು ನಾನು ಹಟ ಮಾಡುತ್ತೇನೆ.

ಕರ್ನಾಟಕದಲ್ಲಿ ಪರಿಸ್ಥಿತಿ ಹೇಗೆ?

ವಿಧಾನಸಭೆಯಲ್ಲಿ 224 ಸದಸ್ಯರು, ಪರಿಷತ್ತಿನಲ್ಲಿ 75. ಸದನದ ನಡಾವಳಿ ಮುದ್ರಣವಾಗಿ ಉಳಿದಿದೆ, ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ. ನಮ್ಮ ಶಾಸಕರು ಜನರ ಜೊತೆ ಮಾತಾಡುವುದು ಜಾಸ್ತಿ ಫೇಸ್‌ಬುಕ್ ಮತ್ತು ವಾಟ್ಸಾಪ್‌ನಲ್ಲಿ. ಅಂದರೆ ಉಳಿಸಲು ಕಷ್ಟವಾದ ಜಾಗದಲ್ಲೇ ಎಲ್ಲವೂ ಇದೆ. ಇಲಾಖೆಗಳ ಸೈಟ್‌ಗಳು ಹಳೆಯ 'ಕರ್ ಡಾಟ್ ನಿಕ್' ವಿಳಾಸ ಬಿಟ್ಟು 'ಕರ್ನಾಟಕ ಡಾಟ್ ಗವ್'ಗೆ ಬಂದಾಗ ಹಳೆಯ ಲಿಂಕ್‌ಗಳು ಸಾಲು ಸಾಲಾಗಿ ಸತ್ತವು. ಹಳೆಯ ಸುತ್ತೋಲೆ ಹುಡುಕಿದವರಿಗೆಲ್ಲ ಈ ನೋವು ಗೊತ್ತು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕಂಪ್ಯೂಟರ್‌ನಲ್ಲಿ ತಯಾರಾದದ್ದನ್ನೂ ದಾಖಲೆ ಎನ್ನುತ್ತದೆ. ಆದರೆ ಅದು ಇರುವುದು ಕೇಂದ್ರ ಸರ್ಕಾರ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಶಾಸಕರ ಅಧಿಕೃತ ಪುಟವೂ ಕಡತವೇ ಎಂದು ನಮ್ಮ ರಾಜ್ಯವೂ ಗಟ್ಟಿಯಾಗಿ ಹೇಳಬೇಕು ಎಂಬುದು ನನ್ನ ಆಸೆ.

ನಾನೊಬ್ಬ ಸಾಮಾನ್ಯ ಓದುಗ. ನಾನೂ ಉಳಿಸಬಹುದಾ?

ಇವತ್ತೇ ಮಾಡಬಹುದು. ವೇಬ್ಯಾಕ್ ಮೆಷಿನ್‌ನ ಪುಟದಲ್ಲಿ 'ಸೇವ್ ಪೇಜ್ ನೌ' ಎಂಬ ಪೆಟ್ಟಿಗೆ ಇದೆ. ನಿಮ್ಮ ಶಾಸಕರ ಪುಟದ ವಿಳಾಸ ಹಾಕಿ ಒತ್ತಿ. ಅದು ಒಂದು ಪುಟವನ್ನು ಮಾತ್ರ ತೆಗೆಯುತ್ತದೆ, ಹಾಗಾಗಿ ಮುಖ್ಯವಾದ ಪುಟಗಳನ್ನು ಒಂದೊಂದಾಗಿ ಕೊಡಿ. ಜಾಸ್ತಿ ಪುಟ ಇದ್ದರೆ ಕ್ರೋಮ್‌ಗೆ 'ಆರ್ಕೈವ್‌ವೆಬ್ ಡಾಟ್ ಪೇಜ್' ಎಂಬ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ರೆಕಾರ್ಡ್ ಒತ್ತಿ, ಸೈಟ್‌ನಲ್ಲಿ ಮಾಮೂಲಿಯಾಗಿ ಓಡಾಡಿ. ನೀವು ತೆರೆದದ್ದೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಕಡತವಾಗಿ ಕೂರುತ್ತದೆ. ಪುಟದ ಕೊನೆಯವರೆಗೆ ಸ್ಕ್ರೋಲ್ ಮಾಡುವುದು ಮರೆಯಬೇಡಿ. ಕೆಳಗಿನ ಚಿತ್ರಗಳು ಸ್ಕ್ರೋಲ್ ಮಾಡಿದಾಗಲೇ ಬರುತ್ತವೆ. ಮುಗಿದ ಮೇಲೆ ಇಂಟರ್ನೆಟ್ ಬಂದ್ ಮಾಡಿ ಆ ಕಡತವನ್ನು ತೆರೆದು ನೋಡಿ. ಆಗಲೂ ಪುಟ ಕಂಡರೆ ನಿಮ್ಮ ಪ್ರತಿ ಸರಿಯಾಗಿದೆ.